ಪ್ರಾಡಕ್ಟ್ ಕೋಚ್ ಆಗೋದು ಹೇಗೆ? ಕಲಿಸೋಕೆ ಮೊದಲು ಕಲೀಬೇಕಾದ ಪಾಠಗಳು



ಹೋದ ತಿಂಗಳು ಒಬ್ಬ ಜೂನಿಯರ್ ಫೋನ್ ಮಾಡಿದ್ದ. ಮೂರನೇ ವರ್ಷ, ಇನ್ಫರ್ಮೇಶನ್ ಸೈನ್ಸ್. "ಅಣ್ಣಾ, ನಂಗೆ ಕೋಡಿಂಗ್ ಅಷ್ಟು ಇಷ್ಟ ಇಲ್ಲ. ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಕೋಚ್ ಆಗ್ಬೇಕು ಅಂತಿದೀನಿ. ಆಮೇಲೆ ಒಂದು ಪುಸ್ತಕನೂ ಬರೀಬೇಕು. ಕೋರ್ಸ್‌ಗೆ ಪೇಜ್ ಕೂಡ ರೆಡಿ ಮಾಡಿದೀನಿ, 999 ರೂಪಾಯಿ ಫೀಸು. ಒಂದ್ಸಲ ನೋಡ್ತೀಯಾ?" ಅಂದ.

ನಗು ಬಂತು. ಆದ್ರೆ ನಗೋಕೆ ನನಗೆ ಹಕ್ಕಿರಲಿಲ್ಲ. ಯಾಕಂದ್ರೆ ಕೆಲಸಕ್ಕೆ ಸೇರಿದ ಮೂರನೇ ವರ್ಷದಲ್ಲಿ ನಾನೂ ಇದನ್ನೇ ಮಾಡಿದ್ದೆ, ಮತ್ತು ಅದರ ಬೆಲೆ ಕಟ್ಟಿದ್ದು ನಾನಲ್ಲ, ಬೇರೆಯವನು. ಆ ಕಥೆ ಮುಂದೆ ಹೇಳ್ತೀನಿ. ಅವನಿಗೆ ಫೋನಲ್ಲಿ ಸರಿಯಾಗಿ ಹೇಳೋಕೆ ಆಗದ್ದನ್ನ ನಿಮಗೆಲ್ಲ ಸೇರಿಸಿ ಇಲ್ಲಿ ಬರೀತಿದೀನಿ. ಈ ವೃತ್ತಿ ನಿಜಕ್ಕೂ ಇದೆ, ಒಳ್ಳೆಯದೇ ಇದೆ. ಅದರ ದಾರಿ ಹೇಗಿರುತ್ತೆ ಅನ್ನೋದೇ ಈ ಸಲದ ಪಾಠ.

ಮೊದಲು, ಪ್ರಾಡಕ್ಟ್ ಮ್ಯಾನೇಜರ್ ಅಂದ್ರೆ ಯಾರು?

ಈ ಕೆಲಸ ಹುಟ್ಟಿದ್ದು ಸಾಫ್ಟ್‌ವೇರ್‌ನಲ್ಲಿ ಅಲ್ಲ, ಸೋಪಿನಲ್ಲಿ! 1931ರ ಮೇ ತಿಂಗಳಲ್ಲಿ ಅಮೆರಿಕದ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿಯಲ್ಲಿ ನೀಲ್ ಮೆಕೆಲ್ರಾಯ್ ಅನ್ನೋ ಯುವಕ ಕ್ಯಾಮೆ ಸೋಪಿನ ಜಾಹೀರಾತು ನೋಡಿಕೊಳ್ತಿದ್ದ. ಅದೇ ಕಂಪನಿಯ ಐವರಿ ಸೋಪಿನ ನೆರಳಲ್ಲಿ ಕ್ಯಾಮೆ ಸೊರಗಿತ್ತು. ಅವನು ಮೂರು ಪುಟದ ಒಂದು ಟಿಪ್ಪಣಿ ಬರೆದ. ಅದರ ಸಾರಾಂಶ ಇಷ್ಟು: ಒಂದೊಂದು ಬ್ರಾಂಡಿಗೂ ಪೂರ್ತಿ ಜವಾಬ್ದಾರಿ ಹೊರುವ ಜನ ಬೇಕು, ಅವರು ಆಫೀಸಲ್ಲಿ ಕೂರದೆ ಮಾರುಕಟ್ಟೆಗೆ ಹೋಗಿ ಎಲ್ಲಿ ಮಾರಾಟ ಆಗ್ತಿದೆ, ಎಲ್ಲಿ ಇಲ್ಲ, ಯಾಕೆ ಅಂತ ತಿಳ್ಕೋಬೇಕು. ಇದೇ ಇವತ್ತಿನ ಪ್ರಾಡಕ್ಟ್ ಮ್ಯಾನೇಜ್‌ಮೆಂಟಿನ ಬೇರು ಅಂತ ಹೇಳ್ತಾರೆ. ಮೆಕೆಲ್ರಾಯ್ ಮುಂದೆ ಅದೇ ಕಂಪನಿಯ ಅಧ್ಯಕ್ಷನಾದ, 1957ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿಯೂ ಆದ.

ಸಾಫ್ಟ್‌ವೇರ್ ಕಂಪನಿಯಲ್ಲೂ ಪ್ರಾಡಕ್ಟ್ ಮ್ಯಾನೇಜರ್ ಕೆಲಸ ಮೂಲದಲ್ಲಿ ಇದೇ. ಏನನ್ನ ಕಟ್ಟಬೇಕು, ಯಾಕೆ ಕಟ್ಟಬೇಕು ಅನ್ನೋದಕ್ಕೆ ಉತ್ತರ ಹುಡುಕೋದು. ಹೇಗೆ ಕಟ್ಟಬೇಕು ಅನ್ನೋದು ಹೆಚ್ಚಾಗಿ ಇಂಜಿನಿಯರ್‌ಗಳ ಕೈಲಿರುತ್ತೆ. ಗೂಗಲ್ 2002ರಲ್ಲಿ ಹೊಸದಾಗಿ ಪಾಸಾದವರನ್ನೇ ಈ ಕೆಲಸಕ್ಕೆ ತಯಾರು ಮಾಡುವ ಕಾರ್ಯಕ್ರಮ ಶುರುಮಾಡಿತು. ಅದಾದ ಮೇಲೆ ಬೇರೆ ಎಷ್ಟೋ ಕಂಪನಿಗಳು ಅದೇ ಮಾದರಿ ಹಿಡಿದವು. ಹಾಗಾಗಿಯೇ ಇವತ್ತು ಕ್ಯಾಂಪಸ್ಸಿನಲ್ಲೂ ಈ ಹೆಸರು ಕೇಳಿಬರ್ತಿದೆ.

ಹಾಗಾದ್ರೆ ಕೋಚ್ ಯಾರು?

ಇಲ್ಲಿ ಮೂರು ಜನರನ್ನ ನಾವು ಬೆರೆಸಿಬಿಡ್ತೀವಿ. ಟ್ರೈನರ್ ತರಗತಿ ತಗೋತಾನೆ, ಎಲ್ಲರಿಗೂ ಒಂದೇ ಪಾಠ. ಕನ್ಸಲ್ಟಂಟ್ ಬಂದು ಸಮಸ್ಯೆ ನೋಡಿ ಉತ್ತರ ಬರೆದುಕೊಟ್ಟು ಹೋಗ್ತಾನೆ. ಕೋಚ್ ಪಾಠನೂ ಮಾಡೋದಿಲ್ಲ, ಉತ್ತರನೂ ಕೊಡೋದಿಲ್ಲ. ನಿಮ್ಮದೇ ಕೆಲಸವನ್ನ ನಿಮ್ಮ ಕೈಯಲ್ಲೇ ಮಾಡಿಸಿ, ಎಲ್ಲಿ ಕಾಲು ತಪ್ತಿದೆ ಅಂತ ತೋರಿಸ್ತಾನೆ. ಅವನು ಹೋದ ಮೇಲೂ ನಿಮ್ಮ ಕೆಲಸ ಚೆನ್ನಾಗಿ ನಡೆದ್ರೆ ಅವನು ಗೆದ್ದ ಹಾಗೆ.

ಕ್ರಿಕೆಟ್ ಉದಾಹರಣೆ ಕೊಟ್ರೆ ನಮಗೆ ಬೇಗ ಅರ್ಥ ಆಗುತ್ತೆ ಅಲ್ವಾ? ನಮ್ಮ ರಾಹುಲ್ ದ್ರಾವಿಡ್ ಅಷ್ಟು ದೊಡ್ಡ ಆಟಗಾರ. ಆದ್ರೂ ಕೋಚ್ ಆದಾಗ ಶುರುಮಾಡಿದ್ದು 2015ರಲ್ಲಿ, ಇಂಡಿಯಾ ಎ ಮತ್ತು 19ರ ಒಳಗಿನವರ ತಂಡದಿಂದ. ಹಿರಿಯರ ತಂಡಕ್ಕೆ ಮುಖ್ಯ ಕೋಚ್ ಆಗಿದ್ದು 2021ರಲ್ಲಿ. ಇನ್ನೊಂದು ಕಡೆ ಸಚಿನ್ ತೆಂಡೂಲ್ಕರ್ ಗುರು ರಮಾಕಾಂತ್ ಆಚ್ರೇಕರ್ ಆಡಿದ್ದು ಒಂದೇ ಒಂದು ಪ್ರಥಮ ದರ್ಜೆ ಪಂದ್ಯ. ಅಂದ್ರೆ ಕೋಚ್ ಆಗೋಕೆ ದೊಡ್ಡ ಸ್ಟಾರ್ ಆಗಿರಲೇಬೇಕು ಅಂತಿಲ್ಲ. ಆದ್ರೆ ಇಬ್ಬರೂ ಮೈದಾನದ ಮಣ್ಣಲ್ಲಿ ವರ್ಷಗಟ್ಟಲೆ ನಿಂತವರು. ಸ್ಕೋರ್‌ಬೋರ್ಡ್ ನೋಡಿ ಕೋಚ್ ಆದವರಲ್ಲ.

ನಾನು ಮಾಡಿದ ತಪ್ಪು

ಈಗ ನನ್ನ ಕಥೆ. ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ನಾಲ್ಕೈದು ಪುಸ್ತಕ ಓದಿದ್ದೆ, ಫ್ರೇಮ್‌ವರ್ಕ್‌ಗಳ ಹೆಸರು ಬಾಯಿಪಾಠ ಇತ್ತು. ಶನಿವಾರ ಭಾನುವಾರ ಆನ್‌ಲೈನ್‌ನಲ್ಲಿ ಹುಡುಗರಿಗೆ "ಮಾರ್ಗದರ್ಶನ" ಕೊಡೋಕೆ ಶುರುಮಾಡಿದೆ. ಶಿರಸಿ ಕಡೆಯ ಒಬ್ಬ ಹುಡುಗ ಬಂದ. ಅಡಿಕೆ ಬೆಳೆಗಾರರಿಗೆ ಒಂದು ಆ್ಯಪ್ ಮಾಡ್ತಿದೀನಿ, ಏನೇನು ಇರಬೇಕು ಅಂತ ಕೇಳಿದ. ನಾನು ಒಂದು ಕ್ಷಣನೂ ಯೋಚಿಸದೆ, "ದಿನದ ಧಾರಣೆ, ಬೆಲೆ ಏರಿದಾಗ ಅಲರ್ಟ್, ಹಿಂದಿನ ವರ್ಷದ ಗ್ರಾಫ್. ಇಷ್ಟು ಹಾಕು, ಓಡುತ್ತೆ" ಅಂದುಬಿಟ್ಟೆ. ಅವನು ನಂಬಿದ. ನಾಲ್ಕು ತಿಂಗಳು ರಾತ್ರಿ ಹಗಲು ಕೂತು ಕಟ್ಟಿದ. ಆ ಸೆಮಿಸ್ಟರ್‌ನಲ್ಲಿ ಎರಡು ವಿಷಯ ಬ್ಯಾಕ್ ಉಳಿಸಿಕೊಂಡ.

ಆ್ಯಪ್ ಚೆನ್ನಾಗೇ ಬಂತು. ಯಾರೂ ಬಳಸಲಿಲ್ಲ. ಧಾರಣೆ ಪೇಪರಲ್ಲಿ ಬರುತ್ತೆ, ವಾಟ್ಸ್‌ಆ್ಯಪ್ ಗುಂಪಲ್ಲಿ ಬೆಳಿಗ್ಗೆಯಿಂದ ಹತ್ತು ಸಲ ಬರುತ್ತೆ, ಸೊಸೈಟಿಗೆ ಒಂದು ಫೋನ್ ಮಾಡಿದ್ರೂ ಹೇಳ್ತಾರೆ. ಅದಕ್ಕೊಂದು ಆ್ಯಪ್ ಯಾಕೆ? ಕೊನೆಗೆ ಅವನೇ ಊರಲ್ಲಿ ತೋಟ ತೋಟ ತಿರುಗಿ ಮಾತಾಡಿದಾಗ ಗೊತ್ತಾಗಿದ್ದು ಬೇರೆಯೇ. ಅವರ ನಿಜವಾದ ತಲೆನೋವು ಕೊನೆಗೌಡರು. ಮರ ಹತ್ತಿ ಕೊನೆ ಇಳಿಸೋರು, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯೋರು ಸಿಗೋದೇ ಇಲ್ಲ. ಸಿಕ್ಕಿದವರು ಯಾವತ್ತು ಬರ್ತಾರೆ ಅಂತ ಗೊತ್ತಾಗಲ್ಲ. ಮಳೆ ಬಿಡುವು ಕೊಟ್ಟ ದಿನ ಆಳು ಸಿಗದಿದ್ರೆ ಆ ವರ್ಷದ ಫಸಲೇ ನೆಲಕ್ಕೆ.

ಅವನು ನನ್ನನ್ನ ಬೈಯಲಿಲ್ಲ. "ಅಣ್ಣಾ, ನೀವು ಅಡಿಕೆ ತೋಟ ನೋಡಿದೀರಾ?" ಅಂತ ಕೇಳಿದ ಅಷ್ಟೇ. ನಾನು ಒಬ್ಬೇ ಒಬ್ಬ ಬೆಳೆಗಾರನ ಜೊತೆ ಮಾತಾಡಿರಲಿಲ್ಲ. ಮಾತಾಡು ಅಂತ ಅವನಿಗೂ ಹೇಳಿರಲಿಲ್ಲ. ಕೋಚ್ ತಪ್ಪು ಹೇಳಿದ್ರೆ ಹೋಗೋದು ಕೋಚ್‌ನ ಸಮಯ ಅಲ್ಲ, ಕಲಿಯೋನ ಸಮಯ. ಇದು ಪುಸ್ತಕದಲ್ಲಿ ಓದಿ ಅರ್ಥ ಆಗಲ್ಲ.

ಈ ದಾರಿಯಲ್ಲಿ ನಡೆದವರು

ನನ್ನ ತಪ್ಪಾದ ಮೇಲೆ, ಈ ಕ್ಷೇತ್ರದ ದೊಡ್ಡ ಹೆಸರುಗಳು ಹೇಗೆ ಬೆಳೆದ್ರು ಅಂತ ನೋಡಿದೆ. ನಾಲ್ಕು ಜನರಿಂದ ನಾಲ್ಕು ಪಾಠ.

ಮೊದಲನೆಯವರು ಮಾರ್ಟಿ ಕೇಗನ್. ಇವರೂ ನಮ್ಮ ಹಾಗೆ ಇಂಜಿನಿಯರ್. 1980ರ ದಶಕದಲ್ಲಿ ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿ ಒಂದು ಪ್ರಾಡಕ್ಟ್ ಕಟ್ಟೋ ತಂಡದಲ್ಲಿದ್ರು. ತಂತ್ರಜ್ಞಾನ ಚೆನ್ನಾಗಿತ್ತು, ಗುಣಮಟ್ಟ ಚೆನ್ನಾಗಿತ್ತು, ಪತ್ರಿಕೆಗಳೂ ಹೊಗಳಿದ್ವು. ಆದ್ರೆ ಯಾರೂ ಕೊಳ್ಳಲಿಲ್ಲ. ಏನು ಕಟ್ಟಬೇಕು ಅಂತ ಯಾರು, ಹೇಗೆ ನಿರ್ಧಾರ ಮಾಡ್ತಾರೆ ಅನ್ನೋ ಪ್ರಶ್ನೆ ಅವರನ್ನ ಅಲ್ಲಿಂದ ಹಿಡಿದುಕೊಂಡಿತು. ಆಮೇಲೆ ನೆಟ್‌ಸ್ಕೇಪ್, ಆಮೇಲೆ ಇಬೇ. ಅಷ್ಟೆಲ್ಲ ಆದ ಮೇಲೆ ಸಿಲಿಕಾನ್ ವ್ಯಾಲಿ ಪ್ರಾಡಕ್ಟ್ ಗ್ರೂಪ್ ಅಂತ ಸ್ವಂತ ಸಂಸ್ಥೆ. 'ಇನ್‌ಸ್ಪೈರ್ಡ್' ಪುಸ್ತಕ ಬಂದಿದ್ದು 2008ರಲ್ಲಿ, ಅದೂ ತಮ್ಮದೇ ಪ್ರಕಾಶನದಲ್ಲಿ. ಅಂದ್ರೆ ಕೆಲಸ ಶುರುಮಾಡಿ ಸುಮಾರು 25 ವರ್ಷ ಆದ ಮೇಲೆ! ಸುಮಾರು ಒಂಬತ್ತು ವರ್ಷ ಬಿಟ್ಟು ಎರಡನೇ ಆವೃತ್ತಿ ತಂದಾಗ ಪುಸ್ತಕವನ್ನ ಬಹುಮಟ್ಟಿಗೆ ಹೊಸದಾಗಿಯೇ ಬರೆದ್ರು. ಪಾಠ: ಸೋಲನ್ನ ಮುಚ್ಚಿಡಬೇಡಿ. ಅವರ ಪುಸ್ತಕ ಆ ಸೋತ ಪ್ರಾಡಕ್ಟಿನ ಕಥೆಯಿಂದಲೇ ಶುರುವಾಗುತ್ತೆ.

ಕೇಗನ್ ಹೇಳೋ ನಾಲ್ಕು ಅಪಾಯಗಳನ್ನ ಎಲ್ಲ ಇಂಜಿನಿಯರಿಂಗ್ ವಿದ್ಯಾರ್ಥಿಗಳೂ ಬರೆದಿಟ್ಕೊಳ್ಳಿ. ಜನಕ್ಕೆ ಇದು ಬೇಕಾ? ಬಳಸೋಕೆ ಬರುತ್ತಾ? ನಮಗೆ ಕಟ್ಟೋಕೆ ಆಗುತ್ತಾ? ನಮ್ಮ ವ್ಯವಹಾರಕ್ಕೆ, ಕಾನೂನಿಗೆ, ಖರ್ಚಿಗೆ ಇದು ಹೊಂದುತ್ತಾ? ಅಡಿಕೆ ಆ್ಯಪ್‌ಗೆ ಇದನ್ನ ಹಚ್ಚಿ ನೋಡಿ. ಕಟ್ಟೋಕೆ ಆಯ್ತು, ಬಳಸೋಕೂ ಸುಲಭ. ಮೊದಲನೇ ಪ್ರಶ್ನೆಯಲ್ಲೇ ಫೇಲ್. ನಾವು ಫೈನಲ್ ಇಯರ್ ಪ್ರಾಜೆಕ್ಟಿನಲ್ಲಿ ಉತ್ತರ ಹುಡುಕೋದು ಸಾಮಾನ್ಯವಾಗಿ ಮೂರನೇ ಪ್ರಶ್ನೆಗೆ ಮಾತ್ರ.

ಎರಡನೆಯವರು ತೆರೇಸಾ ಟೊರೆಸ್. 2011ರಿಂದ 'ಪ್ರಾಡಕ್ಟ್ ಟಾಕ್' ಅಂತ ಬರೀತಾ ಬಂದ್ರು, ತಂಡಗಳಿಗೆ ಕೋಚಿಂಗ್ ಮಾಡ್ತಾ ಬಂದ್ರು. 2016ರಲ್ಲಿ 'ಆಪರ್ಚುನಿಟಿ ಸೊಲ್ಯೂಷನ್ ಟ್ರೀ' ಅನ್ನೋ ಚಿತ್ರವನ್ನ ಪರಿಚಯಿಸಿದ್ರು. 'ಕಂಟಿನ್ಯುಯಸ್ ಡಿಸ್ಕವರಿ ಹ್ಯಾಬಿಟ್ಸ್' ಪುಸ್ತಕ ಬಂದಿದ್ದು 2021ರಲ್ಲಿ. ಮೊದಲ ಲೇಖನಕ್ಕೂ ಪುಸ್ತಕಕ್ಕೂ ಮಧ್ಯೆ ಹತ್ತು ವರ್ಷ. ಅಷ್ಟು ಕಾಲ ಒಂದೇ ವಿಷಯವನ್ನ ನಿಜವಾದ ತಂಡಗಳ ಮೇಲೆ ಪರೀಕ್ಷೆ ಮಾಡ್ತಾ, ಓದುಗರ ಪ್ರಶ್ನೆಗೆ ಉತ್ತರಿಸ್ತಾ ತಿದ್ದಿಕೊಂಡ್ರು. ಪಾಠ: ಪುಸ್ತಕ ಮೊದಲು ಬರಲ್ಲ, ಅಭ್ಯಾಸ ಮೊದಲು ಬರುತ್ತೆ.

ಆ ಚಿತ್ರ ಹೇಗಿರುತ್ತೆ ಅಂತ ಒಂದು ಸಣ್ಣ ಉದಾಹರಣೆ. ಬುಡ ಮೇಲೆ ಮಾಡಿದ ಮರ ಅಂದ್ಕೊಳ್ಳಿ. ತುದಿಯಲ್ಲಿ ನಿಮಗೆ ಬೇಕಾದ ಫಲಿತಾಂಶ: "ಹಾಸ್ಟೆಲ್ ಮೆಸ್ಸಿನಲ್ಲಿ ಅನ್ನ ದಂಡ ಆಗೋದು ಕಡಿಮೆ ಆಗಬೇಕು." ಅದರ ಕೆಳಗೆ ಜನರ ಕಷ್ಟಗಳು: "ಶನಿವಾರ ಊರಿಗೆ ಹೋಗೋರು ಮುಂಚೆ ಹೇಳಲ್ಲ", "ಮೊದಲೇ ಜಾಸ್ತಿ ಬಡಿಸಿಬಿಡ್ತಾರೆ", "ಇವತ್ತು ಏನು ಅಡುಗೆ ಅಂತ ಬಂದ ಮೇಲೇ ಗೊತ್ತಾಗೋದು". ಒಂದೊಂದು ಕಷ್ಟದ ಕೆಳಗೆ ಎರಡು ಮೂರು ಪರಿಹಾರ. ಅದರ ಕೆಳಗೆ ಆ ಪರಿಹಾರ ನಿಜಕ್ಕೂ ನಡೆಯುತ್ತಾ ಅಂತ ನೋಡೋ ಸಣ್ಣ ಪರೀಕ್ಷೆ. ಎಷ್ಟೋ ಸಲ ಆ್ಯಪ್ ಬೇಕೇ ಆಗಲ್ಲ. ಬಾಗಿಲ ಹತ್ರ ಒಂದು ಬೋರ್ಡು, ಒಂದು ಸಣ್ಣ ಸೌಟು ಸಾಕಾಗಬಹುದು. ನಾವು ಪರಿಹಾರದಿಂದ ಶುರುಮಾಡೋರು, ಈ ಮರ ನಮ್ಮನ್ನ ಕಷ್ಟದಿಂದ ಶುರುಮಾಡಿಸುತ್ತೆ.

ಮೂರನೆಯವರು ಮೆಲಿಸ್ಸಾ ಪೆರ್ರಿ. 2018ರ 'ಎಸ್ಕೇಪಿಂಗ್ ದಿ ಬಿಲ್ಡ್ ಟ್ರ್ಯಾಪ್' ಇವರ ಪುಸ್ತಕ. ಎಷ್ಟು ಫೀಚರ್ ಬಿಟ್ವಿ ಅಂತ ಲೆಕ್ಕ ಹಾಕಿ ಖುಷಿಪಡೋ ಕಂಪನಿ ಬಲೆಯಲ್ಲಿ ಸಿಕ್ಕಿದೆ, ಆ ಫೀಚರಿಂದ ಏನು ಬದಲಾಯ್ತು ಅಂತ ಕೇಳೋ ಕಂಪನಿ ಹೊರಗೆ ಬಂದಿದೆ ಅನ್ನೋದು ಅವರ ಮುಖ್ಯ ಮಾತು. ಬರೆಯೋ ಆಸೆ ಇರೋರಿಗೆ ಇಲ್ಲೊಂದು ಗುಟ್ಟಿದೆ. ಪುಸ್ತಕದುದ್ದಕ್ಕೂ ಮಾರ್ಕೆಟ್ಲಿ ಅನ್ನೋ ಕಾಲ್ಪನಿಕ ಕಂಪನಿಯ ಕಥೆ ನಡೆಯುತ್ತೆ. ಕೋಚ್ ಆದವನ ಹತ್ರ ಕಂಪನಿಗಳ ಒಳಗುಟ್ಟು ಬಹಳ ಇರುತ್ತೆ, ಅದನ್ನ ಹೊರಗೆ ಹಾಕೋ ಹಾಗಿಲ್ಲ. ಕಥೆ ಕಲ್ಪಿತವಾಗಿದ್ರೂ ಅದರೊಳಗಿನ ಕಷ್ಟ ನಿಜದ್ದಾಗಿರಬಹುದು. ಪಾಠ: ನಂಬಿಕೆಯೇ ಕೋಚ್‌ನ ಬಂಡವಾಳ.

ನಾಲ್ಕನೆಯವರು ರೋಮನ್ ಪಿಚ್ಲರ್. 2010ರಲ್ಲಿ ಸ್ಕ್ರಮ್ ಜೊತೆ ಪ್ರಾಡಕ್ಟ್ ಮ್ಯಾನೇಜ್‌ಮೆಂಟ್ ಹೇಗೆ ಅಂತ ಬರೆದ್ರು, 2016ರಲ್ಲಿ 'ಸ್ಟ್ರಾಟಜೈಸ್'. ಇವರ 'ಪ್ರಾಡಕ್ಟ್ ವಿಷನ್ ಬೋರ್ಡ್' ಒಂದೇ ಹಾಳೆಯದ್ದು. ಮೇಲೆ ಕನಸು, ಕೆಳಗೆ ಯಾರಿಗೆ, ಅವರಿಗೆ ಏನು ಬೇಕು, ನಮ್ಮ ಪ್ರಾಡಕ್ಟ್ ಏನು, ನಮಗೇನು ಲಾಭ. ಇದನ್ನ ಅವರು ಉಚಿತವಾಗಿ ಕೊಡ್ತಾರೆ. ಹಾಳೆ ಉಚಿತ, ಅದನ್ನ ಸರಿಯಾಗಿ ತುಂಬೋದು ಹೇಗೆ ಅನ್ನೋ ತರಬೇತಿಗೆ ದುಡ್ಡು. ಪಾಠ: ಸಲಕರಣೆ ಧಾರಾಳವಾಗಿ ಹಂಚಿ, ಜನ ನಿಮ್ಮನ್ನ ಹುಡುಕಿಕೊಂಡು ಬರ್ತಾರೆ.

ಹೊಟ್ಟೆಪಾಡಿನ ಲೆಕ್ಕ

ಇದನ್ನ ಯಾರೂ ಬಿಡಿಸಿ ಹೇಳಲ್ಲ. ಪುಸ್ತಕದಿಂದ ಮನೆ ನಡೆಯುತ್ತಾ? ಲೆಕ್ಕ ಹಾಕೋಣ. 500 ರೂಪಾಯಿ ಪುಸ್ತಕ, ಪ್ರಕಾಶಕರು ಶೇಕಡಾ 10 ಗೌರವಧನ ಕೊಡ್ತಾರೆ ಅಂದ್ಕೊಳ್ಳಿ. 1,000 ಪ್ರತಿ ಮಾರಾಟ ಆದ್ರೆ 50,000 ರೂಪಾಯಿ. ಬರೆಯೋಕೆ ಒಂದೂವರೆ ವರ್ಷ ಹಿಡಿದ್ರೆ ತಿಂಗಳಿಗೆ 2,800ರ ಆಸುಪಾಸು. ಹಾಸ್ಟೆಲ್ ಮೆಸ್ ಬಿಲ್ಲೂ ಹುಟ್ಟಲ್ಲ!

ಹಾಗಾದ್ರೆ ಯಾಕೆ ಬರೀತಾರೆ? ಪುಸ್ತಕ ಒಂದು ಪರಿಚಯ ಪತ್ರ. ಅದನ್ನ ಓದಿದವರು ಕಂಪನಿಗೆ ಕಾರ್ಯಾಗಾರಕ್ಕೆ ಕರೀತಾರೆ, ತಂಡಕ್ಕೆ ಆರು ತಿಂಗಳು ಕೋಚ್ ಮಾಡಿ ಅಂತಾರೆ, ಭಾಷಣಕ್ಕೆ ಕರೀತಾರೆ. ಆದಾಯದ ದೊಡ್ಡ ಪಾಲು ಅಲ್ಲಿಂದ. ಅದೂ ಮಳೆ ಥರ, ಒಂದು ತಿಂಗಳು ಜೋರು, ಇನ್ನೊಂದು ತಿಂಗಳು ಒಣಗು. ಕೆಲಸ ಬಿಡೋ ಮೊದಲು ಕನಿಷ್ಠ ಒಂದು ವರ್ಷದ ಮನೆ ಖರ್ಚು ಕೈಯಲ್ಲಿರಬೇಕು ಅನ್ನೋದು ನನ್ನ ಅಭಿಪ್ರಾಯ.

ಕೆಲವು ಕಾಗದ ಪತ್ರದ ವಿಷಯ. ಕೆಲಸದಲ್ಲಿದ್ದುಕೊಂಡೇ ಹೊರಗೆ ಕೋಚಿಂಗ್ ಮಾಡೋದಾದ್ರೆ ನಿಮ್ಮ ನೇಮಕಾತಿ ಕರಾರನ್ನ ಓದಿ, ಬೇರೆ ದುಡಿಮೆಗೆ ಅನುಮತಿ ಬೇಕು ಅಂತ ಅದರಲ್ಲಿ ಬರೆದಿರಬಹುದು. ಕರ್ನಾಟಕದಲ್ಲಿ ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದ್ರೆ ಜಿಎಸ್‌ಟಿ ನೋಂದಣಿ ಬೇಕು. ಪುಸ್ತಕವನ್ನ ನೀವೇ ಪ್ರಕಟಿಸೋದಾದ್ರೆ ಐಎಸ್‌ಬಿಎನ್ ಸಂಖ್ಯೆಯನ್ನ ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತೆ. ಆ ಸಂಖ್ಯೆಗೆ ದುಡ್ಡು ಕೇಳೋ ಮಧ್ಯವರ್ತಿಗಳ ಮಾತು ಕೇಳಬೇಡಿ.

ಕಾಲೇಜಲ್ಲಿರುವಾಗಲೇ ಏನು ಮಾಡಬಹುದು?

1. ಹತ್ತು ಜನ ನಿಜವಾಗಿ ಬಳಸೋ ಒಂದು ಸಣ್ಣ ವಸ್ತು ಮಾಡಿ. ಗೂಗಲ್ ಶೀಟ್ ಆದ್ರೂ ಸರಿ. ಸಾವಿರ ಡೌನ್‌ಲೋಡ್‌ಗಿಂತ ಎರಡನೇ ವಾರವೂ ವಾಪಸ್ ಬರೋ ಹತ್ತು ಜನ ಹೆಚ್ಚು ಕಲಿಸ್ತಾರೆ.

2. ಪ್ರಶ್ನೆ ಕೇಳೋದನ್ನ ಕಲೀರಿ. "ಇಂಥ ಆ್ಯಪ್ ಇದ್ರೆ ಬಳಸ್ತೀರಾ?" ಅಂದ್ರೆ ನಮ್ಮ ಜನ ಮುಲಾಜಿಗೆ ಹ್ಞೂಂ ಅಂತಾರೆ. ಬದಲಿಗೆ, "ಹೋದ ಸಲ ಹೀಗಾದಾಗ ಏನು ಮಾಡಿದ್ರಿ? ಮೊದಲಿಂದ ಹೇಳಿ" ಅನ್ನಿ. ನಡೆದಿದ್ದನ್ನ ಕೇಳಿ, ಮುಂದೆ ನಡೆಯೋದನ್ನ ಊಹೆ ಮಾಡಿ ಅಂತ ಕೇಳಬೇಡಿ.

3. ನಿರ್ಧಾರಗಳ ಡೈರಿ ಇಡಿ. ಇವತ್ತು ಏನು ನಿರ್ಧಾರ ಮಾಡಿದೆ, ಯಾಕೆ, ಏನಾಗುತ್ತೆ ಅಂದ್ಕೊಂಡಿದೀನಿ. ಮೂರು ತಿಂಗಳಾದ ಮೇಲೆ ಏನಾಯ್ತು ಅಂತ ಪಕ್ಕದಲ್ಲಿ ಬರೀರಿ. ಹತ್ತು ವರ್ಷ ಬಿಟ್ಟು ಪುಸ್ತಕ ಬರೆಯೋಕೆ ಕೂತಾಗ ನಿಮ್ಮ ಹತ್ರ ಇರೋ ನಿಜವಾದ ಆಸ್ತಿ ಇದೇ.

4. ಮೊದಲ ಕೆಲಸ ಪ್ರಾಡಕ್ಟ್ ಮ್ಯಾನೇಜರ್ ಅಂತಲೇ ಆಗಬೇಕಿಲ್ಲ. ಡೆವಲಪರ್, ಟೆಸ್ಟಿಂಗ್, ಕಸ್ಟಮರ್ ಸಪೋರ್ಟ್, ಯಾವುದಾದ್ರೂ ಸರಿ. ದಿನಕ್ಕೆ 30 ದೂರು ಕೇಳೋ ಸಪೋರ್ಟ್ ಹುಡುಗನಿಗೆ ಗ್ರಾಹಕರ ಕಷ್ಟ ಎಷ್ಟೋ ಮ್ಯಾನೇಜರ್‌ಗಳಿಗಿಂತ ಚೆನ್ನಾಗಿ ಗೊತ್ತಿರುತ್ತೆ.

5. ಒಬ್ಬ ಜೂನಿಯರ್‌ಗೆ ಉಚಿತವಾಗಿ ಸಹಾಯ ಮಾಡಿ. ತಿಂಗಳು ಬಿಟ್ಟು ಕೇಳಿ: "ನಾನು ಹೇಳಿದ್ದರಲ್ಲಿ ಯಾವುದನ್ನ ಮಾಡಿದೆ? ಯಾವುದು ಕೆಲಸಕ್ಕೆ ಬರಲಿಲ್ಲ?" ಎರಡನೇ ಪ್ರಶ್ನೆ ಕೇಳೋ ಧೈರ್ಯ ಬಂದ ದಿನ ನೀವು ಕೋಚಿಂಗ್ ಶುರುಮಾಡಿದ್ರಿ ಅಂತ ಲೆಕ್ಕ.

6. ಕನ್ನಡದಲ್ಲಿ ಬರೀರಿ. ಹದಿನೈದು ದಿನಕ್ಕೆ ಒಂದು ಪುಟ ಸಾಕು, ಈ ಪತ್ರಿಕೆಗೇ ಕಳಿಸಿ. 'ಔಟ್‌ಕಮ್' ಅನ್ನೋ ಪದವನ್ನ ನಿಮ್ಮ ಅಮ್ಮನಿಗೆ ಅರ್ಥ ಆಗೋ ಹಾಗೆ ಹೇಳೋಕೆ ಹೋದಾಗಲೇ ನಿಮಗೆ ಎಷ್ಟು ಅರ್ಥ ಆಗಿದೆ ಅಂತ ಗೊತ್ತಾಗೋದು. ನಮ್ಮ ಊರುಗಳಲ್ಲಿ ಹಾಲಿನ ಡೇರಿ, ಅಡಿಕೆ ಸೊಸೈಟಿ, ನೇಕಾರರ ಸಂಘ ನಡೆಸೋರಿಗೂ ಈ ವಿದ್ಯೆ ಬೇಕು. ಅವರ ಹತ್ರ ಇಂಗ್ಲಿಷ್ ಫ್ರೇಮ್‌ವರ್ಕ್ ಹಿಡ್ಕೊಂಡು ಹೋದ್ರೆ ಮಾತು ಮುಂದುವರಿಯಲ್ಲ.

ಕೊನೆಗೆ

ಆ ಜೂನಿಯರ್‌ಗೆ ನಾನು ಕೋರ್ಸ್ ಬೇಡ ಅನ್ನಲಿಲ್ಲ. "999 ರೂಪಾಯಿ ತಗೊಳ್ಳೋ ಮೊದಲು ನಿನ್ನ ಹಾಸ್ಟೆಲ್ಲಿನ ಐದು ಜನರ ಹತ್ರ ಹೋಗು. ಅವರ ಬಟ್ಟೆ ಒಗೆಯೋ ಕಷ್ಟದ ಬಗ್ಗೆ ತಲಾ ಅರ್ಧ ಗಂಟೆ ಕೇಳು. ನೀನು ಸಲಹೆ ಕೊಡಬಾರದು, ಕೇಳಬೇಕು ಅಷ್ಟೇ" ಅಂದೆ. ಎರಡು ವಾರ ಆದ ಮೇಲೆ ಫೋನ್ ಬಂತು. "ಅಣ್ಣಾ, ವಾಷಿಂಗ್ ಮಷಿನ್ ಬುಕ್ಕಿಂಗ್‌ಗೆ ಆ್ಯಪ್ ಬೇಕು ಅಂದ್ಕೊಂಡಿದ್ದೆ. ಐದರಲ್ಲಿ ನಾಲ್ಕು ಜನ ಮಷಿನ್ ಮುಟ್ಟೋದೇ ಇಲ್ಲ. ಒಣಗಿಸೋಕೆ ಜಾಗ ಇಲ್ಲ ಅನ್ನೋದೇ ಅವರ ತಕರಾರು" ಅಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೋರ್ಸ್ ಪೇಜ್ ಸದ್ಯಕ್ಕೆ ತೆಗೆದಿದೀನಿ" ಅಂತ ಸೇರಿಸಿದ. ಈಗ ಟೆರೇಸಿನಲ್ಲಿ ತಂತಿ ಕಟ್ಟಿಸೋಕೆ ವಾರ್ಡನ್ ಹತ್ರ ಓಡಾಡ್ತಿದಾನೆ.

ಶಿರಸಿಯ ಹುಡುಗನೂ ಆಮೇಲೆ ಎರಡು ಬ್ಯಾಕ್ ವಿಷಯ ಪಾಸು ಮಾಡಿಕೊಂಡ, ಕೆಲಸಕ್ಕೂ ಸೇರಿದ. ಹೋದ ವರ್ಷ ಕೊನೆಕೊಯ್ಲಿನ ಸಮಯದಲ್ಲಿ ಅವರ ತೋಟಕ್ಕೆ ಕರೆದಿದ್ದ, ಹೋಗಿದ್ದೆ. ಎರಡು ದಿನ ನಾನು ಯಾವ ಸಲಹೆನೂ ಕೊಡಲಿಲ್ಲ, ಅಡಿಕೆ ಹೆಕ್ಕಿದೆ.

ಮನೆಕೆಲಸ: ನಿಮ್ಮ ಫೈನಲ್ ಇಯರ್ ಪ್ರಾಜೆಕ್ಟನ್ನ ಮೇಲೆ ಹೇಳಿದ ನಾಲ್ಕು ಪ್ರಶ್ನೆಗಳಿಗೆ ಹಚ್ಚಿ ನೋಡಿ. ಮೊದಲನೇ ಪ್ರಶ್ನೆಗೆ ಉತ್ತರ ಸಿಗೋಕೆ ಯಾರ ಹತ್ರ ಮಾತಾಡಬೇಕು ಅಂತ ಐದು ಹೆಸರು ಬರೆದಿಡಿ. ಈ ವಾರದಲ್ಲೇ ಒಬ್ಬರ ಹತ್ರ ಹೋಗಿ. ಏನಾಯ್ತು ಅಂತ ಬರೆದು ಸಂಘಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಮಾತಾಡೋಣ.